ಏಳನೇ ನಂಬರಿನ ಜೆರ್ಸಿಗೆ ಕಾದ ಹುಡುಗ

ಆಸ್ಟ್ರೇಲಿಯಾದಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ. ಶನಿವಾರ ಬೆಳಗ್ಗೆ ಸಿಡ್ನಿಯ ಪಶ್ಚಿಮದ ಬಡಾವಣೆಗಳಿಗೆ ಹೋದರೂ ಅಷ್ಟೇ, ಬ್ರಿಸ್ಬೇನ್‌ನ ಹೊರವಲಯಕ್ಕೆ ಹೋದರೂ ಅಷ್ಟೇ, ಮೈದಾನಗಳಲ್ಲಿ ಕಾಣುವುದು ಒಂದೇ ನೋಟ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರುವುದಿಲ್ಲ. ಬೇಲಿಯ ಆಚೆ ಕಾಫಿ ಕಪ್ ಹಿಡಿದು ನಿಂತ ಅಪ್ಪ ಅಮ್ಮಂದಿರು. ಪಕ್ಕದಲ್ಲಿ ಕ್ಲಬ್ಬಿನ ಖರ್ಚಿಗೆಂದು ಸಾಸೇಜ್ ಸುಟ್ಟು ಮಾರುವ ಸ್ವಯಂಸೇವಕರು. ಬೇಲಿಯ ಒಳಗೆ ಹದಿನೈದು, ಹದಿನಾರರ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಏಳುತ್ತಿರುತ್ತಾರೆ.

ಅವರಲ್ಲಿ ಒಬ್ಬನಿಗೆ ಆಗಲೇ ಮೀಸೆ ಮೂಡಿ, ಭುಜ ಅಗಲವಾಗಿ, ದೊಡ್ಡ ಗಂಡಸಿನ ಮೈಕಟ್ಟು ಬಂದಿರುತ್ತದೆ. ಪಕ್ಕದಲ್ಲೇ ನಿಂತವನ ಕಾಲು ಎಷ್ಟು ಸಣ್ಣವೆಂದರೆ ಕಾಲುಚೀಲ ಕೆಳಗೆ ಜಾರುತ್ತಿರುತ್ತದೆ. ಇಬ್ಬರ ವಯಸ್ಸೂ ಒಂದೇ. ಮೈದಾನದ ಮೂಲೆಯಲ್ಲಿ ಟೋಪಿ ಹಾಕಿಕೊಂಡು, ಚಿಕ್ಕ ಪುಸ್ತಕದಲ್ಲಿ ಏನೋ ಗೀಚುತ್ತಾ ನಿಂತವನು ದೊಡ್ಡ ಕ್ಲಬ್ಬಿನ ಸ್ಕೌಟ್. ಪ್ರತಿಭೆ ಹುಡುಕುವುದೇ ಅವನ ಕೆಲಸ. ಈ ಇಬ್ಬರಲ್ಲಿ ಯಾರ ಹೆಸರು ಆ ಪುಸ್ತಕಕ್ಕೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಆದರೆ ಆ ಊಹೆ ಎಷ್ಟು ಸಲ ತಪ್ಪಿದೆ ಎಂಬುದಕ್ಕೆ ರಗ್ಬಿ ಲೀಗ್‌ನ ಇತಿಹಾಸದಲ್ಲೇ ದೊಡ್ಡ ಸಾಕ್ಷಿಗಳಿವೆ.

ಅವುಗಳಲ್ಲಿ ಒಂದು, ಜೊನಾಥನ್ ಥರ್ಸ್ಟನ್ ಎಂಬ ಆಟಗಾರನ ಮೊದಲ ನಾಲ್ಕು ವರ್ಷ.

ಯಾವ ರಗ್ಬಿ ಇದು?

ನಮ್ಮಲ್ಲಿ ರಗ್ಬಿ ಎಂದರೆ ಒಲಿಂಪಿಕ್ಸ್‌ನಲ್ಲಿ ಕಾಣುವ ಏಳು ಮಂದಿಯ ಆಟ ನೆನಪಾಗುತ್ತದೆ. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡವೂ ಇತ್ತು. ಹೆಸರಿನಲ್ಲಿ ‘ಲೀಗ್’ ಇದ್ದರೂ ಅದು ರಗ್ಬಿ ಯೂನಿಯನ್ ಎಂಬ ಆಟದ ಚುಟುಕು ರೂಪ. ಯೂನಿಯನ್‌ನ ಪೂರ್ಣ ಆಟದಲ್ಲಿ ತಂಡಕ್ಕೆ 15 ಮಂದಿ. ರಗ್ಬಿ ಲೀಗ್ ಬೇರೆಯದೇ ಆಟ. ಅದರಲ್ಲಿ 13 ಮಂದಿ.

ಎರಡೂ ಬೇರೆಯಾದದ್ದು ಹಣದ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರು ಪಂದ್ಯಕ್ಕೆಂದು ರಜೆ ಹಾಕಿದರೆ ಅಂದಿನ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನಾದರೂ ಕೊಡೋಣ ಎಂದವು ಅಲ್ಲಿನ ಕ್ಲಬ್ಬುಗಳು. ಆಟ ಹವ್ಯಾಸವಾಗಿಯೇ ಉಳಿಯಬೇಕು, ಕಾಸು ಕೊಡಕೂಡದು ಎಂದರು ಲಂಡನ್ ಕಡೆಯ ಅನುಕೂಲಸ್ಥರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆ ಒಕ್ಕೂಟ ಕಟ್ಟಿಕೊಂಡವು. ಕೆಲಸ ಬಿಟ್ಟು ಆಡಲು ಬಂದ ದಿನಕ್ಕೆ 6 ಶಿಲ್ಲಿಂಗ್ ಪರಿಹಾರ ನಿಗದಿಯಾಯಿತು. ಸುಮಾರು ಹನ್ನೆರಡು ವರ್ಷದ ನಂತರ ಸಿಡ್ನಿಯಲ್ಲೂ ಇದೇ ಕಾರಣಕ್ಕೆ ಇದೇ ಬಗೆಯ ಒಡಕು ಆಯಿತು. 1908ರಲ್ಲಿ ಅಲ್ಲಿ ಮೊದಲ ಟೂರ್ನಿ ನಡೆಯಿತು.

ಆಟಗಾರನ ಬೆವರಿಗೆ ಬೆಲೆ ಕೊಡಬೇಕು ಎಂಬ ಹಟದಿಂದ ಹುಟ್ಟಿದ ಆಟ ಇದು. ನನಗೆ ಈ ಆಟದ ಮೇಲೆ ಪ್ರೀತಿ ಮೂಡಿದ್ದೇ ಅದರ ಈ ಹುಟ್ಟಿನ ಕಾರಣಕ್ಕೆ.

ನಿಯಮ ಸರಳ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, 4 ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಓಡುವವನನ್ನು ತಡೆದು ಕೆಡವುವುದು ಟ್ಯಾಕಲ್. ಕಬಡ್ಡಿಯಲ್ಲಿ ರೈಡರ್‌ನನ್ನು ಇಬ್ಬರು ಮೂವರು ಸೊಂಟ, ತೊಡೆ ಹಿಡಿದು ಉರುಳಿಸುವುದನ್ನು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಕೆಡವಿಸಿಕೊಂಡವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಟ್ಯಾಕಲ್ ಆಗುವುದರೊಳಗೆ ಏನಾದರೂ ಸಾಧಿಸಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಆದ್ದರಿಂದಲೇ ಐದನೇ ಟ್ಯಾಕಲ್ ಮುಗಿಯುತ್ತಿದ್ದಂತೆ ತಂಡದ ಯಾರೋ ಒಬ್ಬರು ಚೆಂಡನ್ನು ದೂರಕ್ಕೆ ಒದೆಯುವುದು.

ಆ ‘ಯಾರೋ ಒಬ್ಬರು’ ಹೆಚ್ಚಾಗಿ 7ನೇ ನಂಬರಿನ ಹಾಫ್‌ಬ್ಯಾಕ್. ಎಲ್ಲಿ ಓಡಬೇಕು, ಯಾರಿಗೆ ಪಾಸ್ ಕೊಡಬೇಕು, ಯಾವಾಗ ಒದೆಯಬೇಕು ಎಂದು ಕ್ಷಣಕ್ಷಣವೂ ತೀರ್ಮಾನಿಸುವವನು ಅವನೇ. ನೂರು ಕಿಲೋ ಮೀರಿದ ದೈತ್ಯರ ನಡುವೆ ಚಿಕ್ಕ ಮೈಯವರೂ ಬದುಕಬಹುದಾದ ಜಾಗ ಅದು. ಒಂದು ತಂಡದಲ್ಲಿ 7ನೇ ನಂಬರ್ ಒಂದೇ ಇರುತ್ತದೆ.

ಹದಿನೆಂಟಕ್ಕೆ ಮೊದಲೇ ಶುರು

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಅತಿದೊಡ್ಡ ಟೂರ್ನಿಗೆ ನ್ಯಾಷನಲ್ ರಗ್ಬಿ ಲೀಗ್, ಎನ್‌ಆರ್‌ಎಲ್, ಎಂದು ಹೆಸರು. ಪ್ರತಿ ಕ್ಲಬ್ಬಿನ ಮುಖ್ಯ ಪಟ್ಟಿಯಲ್ಲಿ 30 ಆಟಗಾರರಿಗೆ ಜಾಗ. ಆ ಮೂವತ್ತರೊಳಗೆ ಸೇರಲು ಸಾವಿರಾರು ಹುಡುಗರು ವಯಸ್ಸಿನ ತಂಡಗಳಲ್ಲಿ ಒಂದೊಂದೇ ಹಂತ ಹತ್ತುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ 17ರೊಳಗಿನವರಿಗೆ ಹೆರಾಲ್ಡ್ ಮ್ಯಾಥ್ಯೂಸ್ ಕಪ್, 19ರೊಳಗಿನವರಿಗೆ ಎಸ್.ಜಿ. ಬಾಲ್ ಕಪ್, 21ರೊಳಗಿನವರಿಗೆ ಜೆರ್ಸಿ ಫ್ಲೆಗ್. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಬಗೆಯ ಬೇರೆ ಕಪ್‌ಗಳಿವೆ. ಅವುಗಳ ಮೇಲೆ ರಾಜ್ಯಮಟ್ಟದ ಹಿರಿಯರ ಟೂರ್ನಿ. ಎನ್‌ಆರ್‌ಎಲ್‌ಗೆ ಇನ್ನೊಂದೇ ಹೆಜ್ಜೆ ಬಾಕಿ ಎನ್ನುವ ಹುಡುಗರು, ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರು ಅಲ್ಲಿ ಒಟ್ಟಿಗೆ ಆಡುತ್ತಾರೆ.

2008ರಿಂದ 2017ರವರೆಗೆ ಎನ್‌ಆರ್‌ಎಲ್ ತಾನೇ 20ರೊಳಗಿನವರ ರಾಷ್ಟ್ರೀಯ ಟೂರ್ನಿ ನಡೆಸಿತು. ಟಿವಿಯಲ್ಲಿ ಪ್ರಸಾರ, ವಿಮಾನದಲ್ಲಿ ಓಡಾಟ, ಊರಲ್ಲೆಲ್ಲ ಹೆಸರು. ಹುಡುಗರಿಗೆ ತಾವಾಗಲೇ ದೊಡ್ಡ ಆಟಗಾರರೆಂಬ ಭಾವನೆ ಬಂತು. ಇಪ್ಪತ್ತು ತುಂಬಿದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಮುಂದಿನ ಒಪ್ಪಂದವೇ ಇರಲಿಲ್ಲ. ಆ ವರ್ಷಗಳಲ್ಲಿ ಕೆಲವು ಯುವ ಆಟಗಾರರು ತಮ್ಮ ಜೀವವನ್ನೇ ಕಳೆದುಕೊಂಡರು. ಓದು ಅಥವಾ ಒಂದು ಕೆಲಸ ಕಡ್ಡಾಯ, ಮನಸ್ಸಿನ ಆರೋಗ್ಯ ನೋಡಿಕೊಳ್ಳುವವರು ಪ್ರತಿ ಕ್ಲಬ್ಬಿನಲ್ಲೂ ಬೇಕು ಎಂಬ ವ್ಯವಸ್ಥೆಗೆ ಬಲ ಬಂದದ್ದು ಆ ನೋವಿನಿಂದ. ಹದಿನೇಳರ ಹುಡುಗನ ಎದುರು ಒಪ್ಪಂದದ ಕಾಗದ ಇಡುವ ಪ್ರತಿ ಕ್ಲಬ್ಬಿಗೂ, ಅವನು ಆಟದಲ್ಲಿ ಮೇಲೆ ಬರದಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಇದೆ ಎಂದೇ ನಾನು ನಂಬಿದ್ದೇನೆ.

ಯಾರ ಪಟ್ಟಿಯಲ್ಲೂ ಇರದ ಹೆಸರು

ಥರ್ಸ್ಟನ್ ಹುಟ್ಟಿದ್ದು 1983ರ ಏಪ್ರಿಲ್ 25ರಂದು, ಬ್ರಿಸ್ಬೇನ್‌ನಲ್ಲಿ. ತಾಯಿ ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದವರು, ತಂದೆ ನ್ಯೂಜಿಲೆಂಡ್ ಮೂಲದವರು. ಮೂಲನಿವಾಸಿ ಕುಟುಂಬಗಳಿಗೂ ಈ ಆಟಕ್ಕೂ ಹಳೆಯ ನಂಟು. ಯಾವುದೇ ಕ್ರೀಡೆಯಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡಕ್ಕೆ ನಾಯಕರಾದ ಮೊದಲ ಮೂಲನಿವಾಸಿ, 1973ರಲ್ಲಿ ರಗ್ಬಿ ಲೀಗ್ ತಂಡ ಮುನ್ನಡೆಸಿದ ಆರ್ಥರ್ ಬೀಟ್ಸನ್. ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳ ಪಾಲು ಶೇ 4ನ್ನು ಮುಟ್ಟುವುದಿಲ್ಲ; ಎನ್‌ಆರ್‌ಎಲ್ ಆಟಗಾರರಲ್ಲಿ ಅದು ಶೇ 10ಕ್ಕೂ ಹೆಚ್ಚು.

ಬಾಲ್ಯದಲ್ಲಿ ಬ್ರಿಸ್ಬೇನ್‌ನ ದಕ್ಷಿಣದ ಬಡಾವಣೆಗಳಲ್ಲಿ, ಹದಿಹರೆಯದಲ್ಲಿ ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ದಾರಿಯ ಟುವೂಂಬಾ ಪಟ್ಟಣದಲ್ಲಿ ಥರ್ಸ್ಟನ್ ಆಡಿ ಬೆಳೆದರು. ಆಟ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಹುಡುಗ ಸಣಕಲು. ಇಂಥವನು ದೊಡ್ಡವರ ಟ್ಯಾಕಲ್‌ಗೆ ಸಿಕ್ಕರೆ ಉಳಿಯುವನೇ ಎಂಬ ಅನುಮಾನ ಎಲ್ಲರಿಗೂ. ಸ್ವಂತ ಊರಿನ ದೊಡ್ಡ ಕ್ಲಬ್ ಬ್ರಿಸ್ಬೇನ್ ಬ್ರಾಂಕೋಸ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಓರಗೆಯವರು ಒಬ್ಬೊಬ್ಬರಾಗಿ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದಾಗ ಥರ್ಸ್ಟನ್ ಕಾಯುತ್ತಲೇ ಇದ್ದರು. ಕೊನೆಗೆ ಬಾಗಿಲು ತೆರೆದದ್ದು ಸಿಡ್ನಿಯ ಬುಲ್‌ಡಾಗ್ಸ್.

ಅಲ್ಲಿಯೂ 7ನೇ ನಂಬರ್ ಖಾಲಿ ಇರಲಿಲ್ಲ. ಹಾಫ್‌ಬ್ಯಾಕ್ ಜಾಗದಲ್ಲಿ ಬ್ರೆಂಟ್ ಶೆರ್ವಿನ್, ಅವರ ಜೊತೆಗಾರನ 6ನೇ ನಂಬರಿನಲ್ಲಿ ಬ್ರೇತ್ ಅನಸ್ತಾ. ಇಬ್ಬರೂ ಯುವಕರು, ಇಬ್ಬರೂ ಚೆನ್ನಾಗಿ ಆಡುತ್ತಿದ್ದವರು. ಯಾರಿಗಾದರೂ ಗಾಯವಾದರೆ, ಅಥವಾ ಪಂದ್ಯದ ನಡುವೆ ಬದಲಿಯಾಗಿ ಬೇಕಾದರೆ ಮಾತ್ರ ಥರ್ಸ್ಟನ್‌ಗೆ ಕರೆ.

37 ಪಾಯಿಂಟ್ ಹೋದ ವರ್ಷ

ಥರ್ಸ್ಟನ್ ಎನ್‌ಆರ್‌ಎಲ್‌ನಲ್ಲಿ ಮೊದಲ ಬಾರಿ ಆಡಿದ್ದು 2002ರಲ್ಲಿ. ಬುಲ್‌ಡಾಗ್ಸ್ ಆ ವರ್ಷ ಸತತ 17 ಪಂದ್ಯ ಗೆದ್ದು ಅಂಕಪಟ್ಟಿಯ ತುದಿಯಲ್ಲಿತ್ತು. ಹತ್ತೊಂಬತ್ತರ ಹುಡುಗನೊಬ್ಬ ವೃತ್ತಿ ಆರಂಭಿಸಲು ಇದಕ್ಕಿಂತ ಒಳ್ಳೆಯ ತಂಡ ಬೇರೆ ಇರಲಿಲ್ಲ.

ಆಗಸ್ಟ್‌ನಲ್ಲಿ ಎಲ್ಲ ತಲೆಕೆಳಗಾಯಿತು. ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ಬೂ ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. ಶ್ರೀಮಂತ ಕ್ಲಬ್ಬೊಂದು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಟೂರ್ನಿಯ ರುಚಿಯೇ ಕೆಡುತ್ತದೆ ಎಂಬುದು ಅದರ ಹಿಂದಿನ ಕಾಳಜಿ. ಬುಲ್‌ಡಾಗ್ಸ್ ಈ ಮಿತಿ ಮೀರಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟದ್ದು ಬಯಲಾಯಿತು. 5 ಲಕ್ಷ ಡಾಲರ್ ದಂಡ ಬಿತ್ತು, ಅಂಕಪಟ್ಟಿಯಲ್ಲಿ 37 ಪಾಯಿಂಟ್ ಕಡಿತವಾಯಿತು. ಮೊದಲ ಸ್ಥಾನದಲ್ಲಿದ್ದ ತಂಡ ಕೊನೆಯ ಸ್ಥಾನದಲ್ಲಿ ಋತು ಮುಗಿಸಿತು.

ಮೈದಾನದಲ್ಲಿ ಗೆದ್ದದ್ದನ್ನು ಕಚೇರಿಯಲ್ಲಿ ಕೂತವರ ತಪ್ಪಿಗೆ ಕಳೆದುಕೊಳ್ಳುವುದು ಯಾವ ಆಟಗಾರನಿಗೂ ಕಹಿಯೇ. ಆದರೂ ಆ ಮಿತಿ ಇರಲೇಬೇಕು. ಹಿರಿಯ ಆಟಗಾರರಿಗೇ ಎಲ್ಲ ಹಣ ಸುರಿಯಲು ಬಿಡದೆ, ಕಡಿಮೆ ಸಂಬಳದ ಹೊಸ ಹುಡುಗರನ್ನೂ ತಂಡಕ್ಕೆ ಸೇರಿಸಿಕೊಳ್ಳುವಂತೆ ಕ್ಲಬ್ಬುಗಳನ್ನು ಒತ್ತಾಯಿಸುವುದು ಅದೇ. ಬೆಳೆದ ಹುಡುಗನಿಗೆ ಒಂದು ಕ್ಲಬ್ ಸಾಕಷ್ಟು ಕೊಡಲಾಗದಿದ್ದಾಗ, ಜಾಗ ಖಾಲಿ ಇರುವ ಇನ್ನೊಂದು ಕ್ಲಬ್ ಅವನನ್ನು ಕರೆಸಿಕೊಳ್ಳುತ್ತದೆ. ಥರ್ಸ್ಟನ್‌ಗೆ ಮುಂದೆ ದಾರಿ ತೆರೆದದ್ದೂ ಇಂಥ ಖಾಲಿ ಜಾಗವೇ.

ನಾಯಕನಿಗೆ ಕೊಟ್ಟ ಉಂಗುರ

2004ರಲ್ಲಿ ಬುಲ್‌ಡಾಗ್ಸ್ ಫೈನಲ್ ತಲುಪಿತು. ಎದುರಾಳಿ ಸಿಡ್ನಿ ರೂಸ್ಟರ್ಸ್. ಬುಲ್‌ಡಾಗ್ಸ್‌ನ ನಾಯಕ ಸ್ಟೀವ್ ಪ್ರೈಸ್ ಕ್ಲಬ್ಬಿಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದವರು. ಮುಂದಿನ ವರ್ಷ ಅವರು ಬೇರೆ ಕ್ಲಬ್ಬಿಗೆ ಹೊರಡುವವರಿದ್ದರು. ಫೈನಲ್‌ಗೆ ಮೊದಲು ಗಾಯಗೊಂಡು ಅವರು ಹೊರಗುಳಿಯಬೇಕಾಯಿತು. ಬದಲಿ ಆಟಗಾರರ ಪಟ್ಟಿಯಲ್ಲಿ ಒಂದು ಜಾಗ ತೆರೆಯಿತು; ಅಲ್ಲಿಗೆ ಥರ್ಸ್ಟನ್ ಹೆಸರು ಬಂತು.

ಅಕ್ಟೋಬರ್ 3ರ ರಾತ್ರಿ, ವಿರಾಮದ ಹೊತ್ತಿಗೆ 6–13ರಿಂದ ಹಿಂದಿದ್ದ ಬುಲ್‌ಡಾಗ್ಸ್ ಕೊನೆಗೆ 16–13ರಿಂದ ಗೆದ್ದಿತು. ಎನ್‌ಆರ್‌ಎಲ್‌ನಲ್ಲಿ ಚಾಂಪಿಯನ್ ತಂಡದ ಪ್ರತಿ ಆಟಗಾರನಿಗೂ ಒಂದು ಉಂಗುರ ಸಿಗುತ್ತದೆ. ಇಡೀ ವೃತ್ತಿಜೀವನ ಮುಗಿದರೂ ಅದನ್ನು ಕಾಣದ ದೊಡ್ಡ ಆಟಗಾರರು ಎಷ್ಟೋ ಮಂದಿ. 21 ವರ್ಷದ ಥರ್ಸ್ಟನ್ ತಮಗೆ ಬಂದ ಉಂಗುರವನ್ನು ಪ್ರೈಸ್ ಅವರಿಗೆ ಕೊಟ್ಟುಬಿಟ್ಟರು.

ಆಸ್ಟ್ರೇಲಿಯಾದಲ್ಲಿ ಈ ಪ್ರಸಂಗವನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಆಗ ಅವರು ಹೆಸರು ಮಾಡಿದ ಆಟಗಾರರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮುಂದೆ ಇನ್ನೊಂದು ಫೈನಲ್ ಸಿಗುತ್ತದೆ ಎಂಬ ಭರವಸೆ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಬುಲ್‌ಡಾಗ್ಸ್‌ನ ಮೂರು ಋತುಗಳಲ್ಲಿ ಅವರಿಗೆ ಆಡಲು ಸಿಕ್ಕದ್ದು 29 ಪಂದ್ಯ.

ಉತ್ತರಕ್ಕೆ ಹೊರಟ ಮೇಲೆ

ಬ್ರಿಸ್ಬೇನ್‌ನಿಂದ ಉತ್ತರಕ್ಕೆ 1,300 ಕಿಲೋಮೀಟರಿಗೂ ಹೆಚ್ಚು ಸಾಗಿದರೆ ಟೌನ್ಸ್‌ವಿಲ್. ಸಿಡ್ನಿಯ ಚಳಿ ಅಲ್ಲಿಲ್ಲ. ಕರಾವಳಿಯ ಸೆಕೆ, ಮಳೆಗಾಲದ ಧಾರೆ, ಸುತ್ತ ಕಬ್ಬಿನ ನಾಡು. ಅಲ್ಲಿನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 1995ರಲ್ಲಿ ಟೂರ್ನಿಗೆ ಇಳಿದ ಕ್ಲಬ್. ಅನೇಕ ವರ್ಷ ಸೋತು ಸುಣ್ಣವಾಗಿ, 2004ರಲ್ಲಿ ಮೊದಲ ಬಾರಿ ಅಂತಿಮ ಹಂತದ ಪಂದ್ಯಗಳಿಗೆ ಬಂದಿತ್ತು. ಬಂದ ಮೊದಲ ಪಂದ್ಯದಲ್ಲೇ ಬುಲ್‌ಡಾಗ್ಸನ್ನು ಸೋಲಿಸಿತ್ತು ಕೂಡ. ಕೋಚ್ ಗ್ರಹಾಂ ಮರ್ರಿ ಅವರಿಗೆ ತಂಡ ನಡೆಸುವ ಹಾಫ್‌ಬ್ಯಾಕ್ ಬೇಕಿತ್ತು. 2005ರ ಋತುವಿಗೆ ಥರ್ಸ್ಟನ್ ಅಲ್ಲಿಗೆ ಹೊರಟರು.

ಆ ವರ್ಷ ನಡೆದದ್ದನ್ನು ನಂಬುವುದು ಕಷ್ಟ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಆರಿಜಿನ್ ಸರಣಿ ಅಲ್ಲಿನವರಿಗೆ ವಿಶ್ವಕಪ್‌ಗಿಂತ ದೊಡ್ಡದು. ಅದರ ಮೊದಲ ಪಂದ್ಯಕ್ಕೆ ಥರ್ಸ್ಟನ್ ಆಯ್ಕೆಯಾದರು. ಪಂದ್ಯದ ಕೊನೆಯ ಗಳಿಗೆಯಲ್ಲಿ ಓಡುತ್ತಲೇ ಚೆಂಡನ್ನು ಕಂಬಗಳ ನಡುವೆ ಒದ್ದು, ಒಂದು ಪಾಯಿಂಟಿನ ಫೀಲ್ಡ್ ಗೋಲ್‌ನಿಂದ 20–20 ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಕೌಬಾಯ್ಸ್‌ನದೇ ಮ್ಯಾಟ್ ಬೋವೆನ್ ಎದುರಾಳಿಯ ಪಾಸನ್ನು ನಡುವೆಯೇ ಕಿತ್ತುಕೊಂಡು ಓಡಿ ಪಂದ್ಯ ಗೆಲ್ಲಿಸಿದರು. ಸರಣಿ ಮಾತ್ರ ಕ್ವೀನ್ಸ್‌ಲ್ಯಾಂಡ್‌ಗೆ ದಕ್ಕಲಿಲ್ಲ.

ಋತು ಮುಗಿಯುವಷ್ಟರಲ್ಲಿ ಕೌಬಾಯ್ಸ್ ತನ್ನ ಮೊದಲ ಫೈನಲ್ ತಲುಪಿತು. ವೆಸ್ಟ್ಸ್ ಟೈಗರ್ಸ್ ಎದುರು 16–30ರಿಂದ ಸೋತರೂ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಥರ್ಸ್ಟನ್ ಕೊರಳಿಗೆ ಬಿತ್ತು. ಸಿಡ್ನಿಯಲ್ಲಿ ಟೂರ್ನಿ ಶುರುವಾದ ಕಾಲದ ತಾರೆ ಡ್ಯಾಲಿ ಮೆಸೆಂಜರ್ ಹೆಸರಿನ ಪದಕ ಅದು.

ಹಿಂದಿನ ವರ್ಷದ ಬದಲಿ ಆಟಗಾರ ಈ ವರ್ಷ ದೇಶದಲ್ಲೇ ಶ್ರೇಷ್ಠ. ಒಂದೇ ಬೇಸಿಗೆಯಲ್ಲಿ ಯಾರ ಪ್ರತಿಭೆಯೂ ಅಷ್ಟು ಬೆಳೆಯುವುದಿಲ್ಲ. ಬದಲಾದದ್ದು, ಪ್ರತಿ ವಾರ ಬೆನ್ನಿನ ಮೇಲೆ 7 ಇದ್ದೇ ಇರುತ್ತದೆ ಎಂಬ ಖಾತರಿ. ತಪ್ಪು ಪಾಸ್ ಕೊಟ್ಟರೂ ಮುಂದಿನ ವಾರ ಜಾಗ ಹೋಗುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ಹಾಫ್‌ಬ್ಯಾಕ್ ಬೇರೆಯೇ ಆಟಗಾರನಾಗುತ್ತಾನೆ. ತಮ್ಮಲ್ಲಿ ಪ್ರತಿಭೆ ಸಾಲದು ಎಂದು ಮನೆಗೆ ಮರಳುವ ಹುಡುಗರಲ್ಲಿ ಎಷ್ಟೋ ಮಂದಿಗೆ ಸಾಲದೆ ಹೋದದ್ದು ಈ ಖಾತರಿ ಎಂದು ನನಗನ್ನಿಸುತ್ತದೆ.

ಮುಂದಿನದು ದೊಡ್ಡ ಕಥೆ: ಒಟ್ಟು 323 ಎನ್‌ಆರ್‌ಎಲ್ ಪಂದ್ಯ, ನಾಲ್ಕು ಡ್ಯಾಲಿ ಎಂ ಪದಕ. 2015ರ ಫೈನಲ್‌ನಲ್ಲಿ, ತಮ್ಮನ್ನು ಸೇರಿಸಿಕೊಳ್ಳದಿದ್ದ ಬ್ರಾಂಕೋಸ್ ಎದುರು ಹೆಚ್ಚುವರಿ ಸಮಯದಲ್ಲಿ ಒದ್ದ ಫೀಲ್ಡ್ ಗೋಲ್‌ನಿಂದ 17–16ರ ಗೆಲುವು. ಕೌಬಾಯ್ಸ್‌ಗೆ ಅದು ಮೊದಲ ಕಿರೀಟ.

ಎತ್ತರ, ವಯಸ್ಸು

ಇಂಗ್ಲೆಂಡಿನಲ್ಲೂ ಇಂಥದೊಂದು ಉದಾಹರಣೆ ಇದೆ. ರಾಬ್ ಬರೋ ಎತ್ತರ ಐದಡಿ ಐದಿಂಚು. 2001ರಲ್ಲಿ ಲೀಡ್ಸ್ ರೈನೋಸ್ ತಂಡಕ್ಕೆ ಬಂದಾಗ ಇವರನ್ನು ನೋಡಿ ಹುಬ್ಬೇರಿಸಿದವರು ಅನೇಕರು. ಅದೇ ವರ್ಷ ಅವರು ಅಲ್ಲಿನ ಸೂಪರ್ ಲೀಗ್‌ನ ಅತ್ಯುತ್ತಮ ಯುವ ಆಟಗಾರ ಎನಿಸಿದರು, ಮುಂದೆ ಲೀಡ್ಸ್ ಜೊತೆ ಎಂಟು ಸಲ ಚಾಂಪಿಯನ್ ಆದರು.

ಜೋಸೆಫ್ ಸುವಾಲಿ ಅವರದು ಇದಕ್ಕೆ ಪೂರ್ತಿ ಉಲ್ಟಾ ಕಥೆ. ಶಾಲೆಯಲ್ಲಿದ್ದಾಗಲೇ ಎತ್ತರ, ವೇಗ, ಬಲ ಎಲ್ಲವೂ ಇದ್ದ ಹುಡುಗ. ಕ್ಲಬ್ಬುಗಳು ಅವರಿಗಾಗಿ ಜಗಳವಾಡಿದವು. 18 ತುಂಬದವರು ಎನ್‌ಆರ್‌ಎಲ್‌ನಲ್ಲಿ ಆಡಬಾರದೆಂಬ ನಿಯಮಕ್ಕೆ 2021ರಲ್ಲಿ ಅವರಿಗಾಗಿಯೇ ವಿನಾಯಿತಿ ಕೊಟ್ಟರು. ಸಿಡ್ನಿ ರೂಸ್ಟರ್ಸ್ ಪರ ಆ ವರ್ಷ ಕೆಲವೇ ಪಂದ್ಯ ಆಡುವಷ್ಟರಲ್ಲಿ ಪಾದಕ್ಕೆ ಗಾಯವಾಗಿ ಕೂರಬೇಕಾಯಿತು. ಚೇತರಿಸಿಕೊಂಡು ಚೆನ್ನಾಗಿಯೇ ಆಡಿದರು. ಆಮೇಲೆ ದೊಡ್ಡ ಮೊತ್ತಕ್ಕೆ ರಗ್ಬಿ ಯೂನಿಯನ್‌ಗೆ ಹೋಗಿ, 2024ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಸ್ಟ್ರೇಲಿಯಾ ಪರ ಮೊದಲ ಟೆಸ್ಟ್ ಆಡಿದರು.

ತಲೆಗೆ ಬೀಳುವ ಪೆಟ್ಟು

ಮಗನನ್ನು ಈ ಆಟಕ್ಕೆ ಕಳಿಸುವ ತಾಯಂದಿರ ಮೊದಲ ಭಯ ಇದು. ಭಯಕ್ಕೆ ಆಧಾರವೂ ಇದೆ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಸಿಟಿಇ ಎಂಬ ಮಿದುಳಿನ ಕಾಯಿಲೆ ಕಾಣಿಸಿಕೊಳ್ಳಬಹುದು. ಅದನ್ನು ಖಚಿತವಾಗಿ ಹೇಳಲಾಗುವುದು ಸಾವಿನ ನಂತರ, ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. 2015ರಲ್ಲಿ ಕೌಬಾಯ್ಸ್‌ಗೆ ಕಿರೀಟ ತಂದ ಕೋಚ್ ಪಾಲ್ ಗ್ರೀನ್, ಸ್ವತಃ ಹಾಫ್‌ಬ್ಯಾಕ್ ಆಗಿದ್ದವರು, 2022ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಅವರ ಮಿದುಳಿನಲ್ಲಿ ತೀವ್ರ ಸ್ವರೂಪದ ಸಿಟಿಇ ಕಂಡುಬಂತು. ಅದನ್ನು ಜನರ ಮುಂದಿಡಲು ಕುಟುಂಬ ಒಪ್ಪಿದ್ದು ದೊಡ್ಡ ಉಪಕಾರ.

2023ರಿಂದ ಎನ್‌ಆರ್‌ಎಲ್‌ನಲ್ಲಿ ತಲೆಗೆ ಪೆಟ್ಟಾಗಿ ಕನ್ಕಶನ್ (ಮಿದುಳಿಗೆ ಆಘಾತ) ಆದ ಆಟಗಾರ ಸಾಮಾನ್ಯವಾಗಿ 11 ದಿನ ಕಣಕ್ಕೆ ಇಳಿಯುವಂತಿಲ್ಲ. ಜಾಗ ಗಟ್ಟಿಯಾಗಿರುವ ಹಿರಿಯನಿಗೆ ಇದು ವಿಶ್ರಾಂತಿ. ಜಾಗಕ್ಕಾಗಿ ಕಾದು ಕಾದು ಒಂದು ಪಂದ್ಯ ಗಿಟ್ಟಿಸಿಕೊಂಡ ಇಪ್ಪತ್ತರ ಹುಡುಗನಿಗೆ ಆ 11 ದಿನ ಬೇರೊಬ್ಬನ ಪಾಲಾಗುತ್ತದೆ. ತಲೆ ಸುತ್ತುತ್ತಿದ್ದರೂ ಬಾಯಿ ಬಿಡದಿರುವ ಆಸೆ ಅವನಿಗೇ ಹೆಚ್ಚು. ಆದ್ದರಿಂದ ತೀರ್ಮಾನ ಅವನ ಕೈಯಲ್ಲಿರದೆ ವೈದ್ಯರ ಕೈಯಲ್ಲಿರಲೇಬೇಕು.

ಗುಡ್ಡನಾಡಿನಿಂದ ಬಂದ ಭೌತವಿಜ್ಞಾನಿ

ಪಪುವಾ ನ್ಯೂಗಿನಿಯಲ್ಲಿ ರಗ್ಬಿ ಲೀಗ್ ರಾಷ್ಟ್ರೀಯ ಕ್ರೀಡೆ. ಅಲ್ಲಿನ ಚಿಂಬು ಪ್ರಾಂತ್ಯದ ಗೊನ್ ಎಂಬ ಹಳ್ಳಿಯ ಜಸ್ಟಿನ್ ಓಲಂ ಸ್ಕೌಟ್‌ಗಳ ಕಣ್ಣಿಗೆ ಬೀಳುವ ವಯಸ್ಸಿನಲ್ಲಿ ಲೇ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೌತವಿಜ್ಞಾನ ಓದುತ್ತಿದ್ದರು. ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲಿ ಆಡುವ ತಮ್ಮ ದೇಶದ ಹಂಟರ್ಸ್ ತಂಡಕ್ಕೆ 2016ರಲ್ಲಿ ಬಂದರು. ಅಲ್ಲಿಂದ ಮೆಲ್ಬರ್ನ್ ಸ್ಟಾರ್ಮ್ ಕರೆಸಿಕೊಂಡಿತು. ಎನ್‌ಆರ್‌ಎಲ್‌ನಲ್ಲಿ ಮೊದಲ ಪಂದ್ಯ 2018ರಲ್ಲಿ, 24ನೇ ವಯಸ್ಸಿಗೆ. ಸುವಾಲಿ ಆಡಲಿಳಿದ ವಯಸ್ಸಿಗಿಂತ ಅದು ಏಳು ವರ್ಷ ಹೆಚ್ಚು. 2020ರಲ್ಲಿ ಸ್ಟಾರ್ಮ್ ಚಾಂಪಿಯನ್ ಆದಾಗ ಫೈನಲ್‌ನ ಮೊದಲ ಟ್ರೈ ಓಲಂ ಹೆಸರಿಗೇ ಬಂತು.

2028ರಿಂದ ಪಪುವಾ ನ್ಯೂಗಿನಿಯದೇ ಒಂದು ತಂಡ ಎನ್‌ಆರ್‌ಎಲ್‌ನಲ್ಲಿ ಆಡಲಿದೆ. ಹತ್ತು ವರ್ಷಗಳಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಆಸ್ಟ್ರೇಲಿಯಾ ಸರ್ಕಾರ ಒಪ್ಪಿದೆ. ಆ ಪ್ರದೇಶದಲ್ಲಿ ಚೀನಾದ ಪ್ರಭಾವ ತಡೆಯುವ ಲೆಕ್ಕಾಚಾರವೂ ಅದರೊಳಗಿದೆ. ರಾಜಕೀಯ ಏನೇ ಇರಲಿ, ರಾಜಧಾನಿ ಪೋರ್ಟ್ ಮೊರೆಸ್ಬಿಯ ಆ ಕ್ಲಬ್ಬಿಗೂ 30 ಹೆಸರು ಬೇಕು. ಹಣವಿದ್ದರೆ ಆ ಪಟ್ಟಿಯನ್ನು ಸಿಡ್ನಿ, ಬ್ರಿಸ್ಬೇನ್‌ಗಳಿಂದಲೇ ತುಂಬಿಸಬಹುದು. ಅದರಲ್ಲಿ ಚಿಂಬುವಿನ, ಲೇಯ ಹುಡುಗರು ಎಷ್ಟು ಮಂದಿ ಇರುತ್ತಾರೆ ಎಂಬುದು, ಈಗ ಹದಿನೈದು, ಹದಿನಾರರಲ್ಲಿರುವ ಅಲ್ಲಿನ ಮಕ್ಕಳಿಗೆ ಒಳ್ಳೆಯ ಕೋಚ್, ಹೊಟ್ಟೆತುಂಬ ಊಟ, ವೈದ್ಯರು ಮತ್ತು ಪ್ರತಿ ವಾರ ಆಡಲು ಒಂದು ಪಂದ್ಯ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ.